ಒಂದು ಗಾಡಿ, ನೂರು ಐಟಂ: ಗುಜರಿ ಅಂಗಡಿಗೆ ಎಂಥ ಸಾಫ್ಟ್‌ವೇರ್ ಬೇಕು?

“ಭಾಯ್, 2011ರ ಸ್ವಿಫ್ಟ್‌ದು ಕ್ಲೀನರ್ ಸೈಡ್ ಹೆಡ್‌ಲೈಟ್ ಇದೆಯಾ? ಎಷ್ಟಾಗುತ್ತೆ?”

ಬೆಂಗಳೂರಿನ ಶಿವಾಜಿನಗರದಲ್ಲಿ ಹಳೇ ಕಾರಿನ ಪಾರ್ಟ್ಸ್ ಮಾರುವವರಿಗೆ ಇಂಥ ಫೋನು ಹೊಸದಲ್ಲ. ಆ ಕಡೆ ಇರುವವನು ಗ್ಯಾರೇಜಿನ ಮೆಕ್ಯಾನಿಕ್, ಅವನ ಪಕ್ಕದಲ್ಲೇ ಗಿರಾಕಿ. ಒಂದು ನಿಮಿಷದಲ್ಲಿ ಉತ್ತರ ಸಿಗದಿದ್ದರೆ ಅವನು ಮುಂದಿನ ಅಂಗಡಿಯ ನಂಬರ್ ಒತ್ತುತ್ತಾನೆ. ಈ ಉತ್ತರ ಸಾಮಾನ್ಯವಾಗಿ ಇರುವುದು ಮಾಲೀಕರ ತಲೆಯಲ್ಲಿ, ಇಲ್ಲವೇ ಗೋದಾಮು ನೋಡಿಕೊಳ್ಳುವ ಹುಡುಗನ ನೆನಪಿನಲ್ಲಿ. ಆ ಹುಡುಗ ಕೆಲಸ ಬಿಟ್ಟ ದಿನ ಅರ್ಧ ಮಾಲು ಅವನ ಜೊತೆಗೇ ಹೋದ ಹಾಗೆ. ಆಗ ಕಂಪ್ಯೂಟರಿನ ಯೋಚನೆ ಬರುತ್ತದೆ.

ಅಲ್ಲಿಂದಲೇ ತಪ್ಪೂ ಶುರುವಾಗುತ್ತದೆ. ಜೆ.ಸಿ. ರಸ್ತೆಯ ಹೊಸ ಸ್ಪೇರ್ ಪಾರ್ಟ್ಸ್ ಅಂಗಡಿಯವರು ಬಳಸುವ ಪ್ರೋಗ್ರಾಂ ತಂದು ಹಾಕಿಕೊಳ್ಳುತ್ತಾರೆ. ಹೊಸ ಮಾಲಿನ ಅಂಗಡಿಗೆ ಬೇಕಾದದ್ದು ‘ಎಷ್ಟು ಇದೆ’ ಎಂಬ ಲೆಕ್ಕ. ಒಂದೇ ಪಾರ್ಟ್ ನಂಬರಿನ ಹನ್ನೆರಡು ಬ್ರೇಕ್ ಪ್ಯಾಡ್ ಸೆಟ್ಟುಗಳಲ್ಲಿ ಯಾವುದನ್ನು ಕೊಟ್ಟರೂ ಒಂದೇ, ಮುಗಿದರೆ ಕಂಪನಿಗೆ ಆರ್ಡರ್. ಗುಜರಿಯಲ್ಲಿ ಹನ್ನೆರಡು ಆಲ್ಟರ್ನೇಟರ್ ಇದ್ದರೆ ಅವು ಹನ್ನೆರಡು ಬೇರೆ ಬೇರೆ ವಸ್ತುಗಳು. ಒಂದು 40 ಸಾವಿರ ಕಿಲೋಮೀಟರ್ ಓಡಿದ ಗಾಡಿಯದು, ಇನ್ನೊಂದು ನೀರಲ್ಲಿ ಮುಳುಗಿ ಬಂದ ಗಾಡಿಯದು. ಇಲ್ಲಿ ಕೇಳಬೇಕಾದ ಪ್ರಶ್ನೆ ‘ಯಾವುದು ಇದೆ’.

ಹಾಗಾಗಿ ಸಾಫ್ಟ್‌ವೇರ್ ಗಾಡಿಯಿಂದ ಶುರುವಾಗಬೇಕು, ಪಾರ್ಟಿನಿಂದ ಅಲ್ಲ. ಗಾಡಿ ಒಳಗೆ ಬಂದ ದಿನವೇ ಚಾಸಿಸ್ ನಂಬರ್, ಎಂಜಿನ್ ನಂಬರ್, ತಯಾರಾದ ತಿಂಗಳು, ಓಡಿದ ಕಿಲೋಮೀಟರ್, ಕೊಂಡ ಬೆಲೆ, ಮಾರಿದವರ ದಾಖಲೆಗಳ ಫೋಟೊ, ಎಲ್ಲವೂ ಒಂದು ಸಂಖ್ಯೆಯ ಕೆಳಗೆ ಸೇರಬೇಕು. ಆ ಗಾಡಿಯಿಂದ ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಅದೇ ಸಂಖ್ಯೆ ಬೆನ್ನಿಗಂಟಿರಬೇಕು. ಇದು ಬರೀ ವ್ಯಾಪಾರದ ಅನುಕೂಲವಲ್ಲ. ಕದ್ದ ಮಾಲು ಎಂದು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ನಿನಲ್ಲಿ ಅಪರಾಧ. ಪೊಲೀಸರು ಬಾಗಿಲಿಗೆ ಬಂದಾಗ “ಈ ಎಂಜಿನ್ ಈ ಗಾಡಿಯದು, ಈ ದಿನ ಇಂಥವರಿಂದ ಕೊಂಡದ್ದು” ಎಂದು ತೆರೆದು ತೋರಿಸಲು ಆಗಬೇಕು. ಸ್ಕ್ರ್ಯಾಪಿಂಗ್ ಕೇಂದ್ರಗಳ ನೋಂದಣಿಗೆ 2021ರ ಸೆಪ್ಟೆಂಬರಿನಲ್ಲಿ ಕೇಂದ್ರದ ನಿಯಮಗಳು ಬಂದ ಮೇಲಂತೂ ಕಾಗದಪತ್ರದ ತೂಕ ಹೆಚ್ಚಿದೆ.

ಮುಂದಿನದು ‘ಕೂರುತ್ತಾ?’ ಎಂಬ ಪ್ರಶ್ನೆ. ಈ ವ್ಯಾಪಾರದ ಜೀವಾಳ ಇದೇ. ಮೊದಲಿನ ಆ ಫೋನನ್ನೇ ತೆಗೆದುಕೊಳ್ಳಿ. ಸ್ವಿಫ್ಟ್‌ನ ಮೈಕಟ್ಟು ಬದಲಾದದ್ದು 2011ರ ಆಗಸ್ಟಿನಲ್ಲಿ. ‘2011ರ ಸ್ವಿಫ್ಟ್’ ಎಂದರೆ ಹಳೇದೂ ಇರಬಹುದು, ಹೊಸದೂ ಇರಬಹುದು. ಬರೀ ವರ್ಷ ಕೇಳುವ ಸಾಫ್ಟ್‌ವೇರ್ ಇಲ್ಲೇ ಎಡವುತ್ತದೆ. ಇನ್ನು ಫಿಯೆಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್ ಎಂಜಿನ್ ನೋಡಿ. ಸ್ವಿಫ್ಟ್, ಡಿಸೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾ ಎಲ್ಲದರ ಬಾನೆಟ್ ಕೆಳಗೂ ಇದ್ದದ್ದು ಆ ಒಂದೇ ಕುಲದ ಎಂಜಿನ್. ಹಾಗಂತ ಕಣ್ಣುಮುಚ್ಚಿ ಅದಲುಬದಲು ಮಾಡಲಾಗದು. 75 ಎಚ್‌ಪಿಯದಕ್ಕೂ 90 ಎಚ್‌ಪಿಯದಕ್ಕೂ ಟರ್ಬೊ ಬೇರೆ. ಒಂದು ಕಂಪನಿಯ ಗಾಡಿಯಿಂದ ಇನ್ನೊಂದಕ್ಕೆ ಹೋದರೆ ಮೌಂಟಿಂಗು, ಇಸಿಎಂ ತಕರಾರು ಮಾಡುತ್ತವೆ. ಬಲೆನೊ ಮತ್ತು ಟೊಯೋಟಾ ಗ್ಲಾಂಜಾ ಒಂದೇ ಗಾಡಿಯ ಎರಡು ಹೆಸರು, ಆದರೂ ಮುಂದಿನ ಗ್ರಿಲ್ ಬೇರೆ.

ಅಮೆರಿಕದಲ್ಲಿ ಈ ಹೊಂದಾಣಿಕೆಯ ಪಟ್ಟಿಯೇ ಒಂದು ದೊಡ್ಡ ಉದ್ಯಮ. 1934ರಿಂದ ಬರುತ್ತಿರುವ ಹಾಲೆಂಡರ್ ಇಂಟರ್‌ಚೇಂಜ್ ಒಂದಕ್ಕೊಂದು ಹೊಂದುವ ಭಾಗಗಳಿಗೆ ಒಂದೇ ಸಂಖ್ಯೆ ಕೊಡುತ್ತದೆ, ಅಲ್ಲಿನ ಗುಜರಿಯವರ ಸಾಫ್ಟ್‌ವೇರುಗಳು ಅದರ ಮೇಲೇ ನಿಂತಿವೆ. ಅದನ್ನು ತಂದು ಆಲ್ಟೊ, ವ್ಯಾಗನ್ಆರ್ ಹುಡುಕಲು ಹೋಗಬೇಡಿ. ಅದು ಹುಟ್ಟಿದ್ದು ಅಲ್ಲಿನ ಗಾಡಿಗಳಿಗಾಗಿ. ನಮಗೆ ಬೇಕಾದದ್ದು ‘ಇದು ಇಂಥಿಂಥ ಗಾಡಿಗೂ ಕೂರುತ್ತದೆ’ ಎಂದು ನಾವೇ ಬರೆದುಕೊಳ್ಳಲು ಜಾಗ ಕೊಡುವ, ಕಂಪನಿಯ ಪಾರ್ಟ್ ನಂಬರಿನಿಂದಲೂ ಹುಡುಕುವ ಸಾಫ್ಟ್‌ವೇರ್. ಇಪ್ಪತ್ತು ವರ್ಷದ ಅನುಭವವಿರುವ ಮೆಕ್ಯಾನಿಕ್ ಹೇಳಿದ್ದನ್ನು ಅಲ್ಲಿ ತುಂಬಿಸುತ್ತ ಹೋದರೆ ಎರಡು ವರ್ಷದಲ್ಲಿ ನಿಮ್ಮದೇ ಪಟ್ಟಿ ತಯಾರು.

ಬೆಲೆಯ ವಿಷಯಕ್ಕೆ ಸ್ವಲ್ಪ ಹೊತ್ತು ಕೂರೋಣ. ಹೊಸ ಮಾಲಿಗೆ ಕೊಂಡ ದರ ಇದೆ, ಅದರ ಮೇಲೆ ಇಷ್ಟು ಶೇಕಡಾ ಇಟ್ಟರಾಯಿತು. ಕತ್ತರಿಸಿದ ಗಾಡಿಯ ಗೇರ್‌ಬಾಕ್ಸಿಗೆ ಕೊಂಡ ದರ ಎಲ್ಲಿದೆ? ಒಂದು ಲೆಕ್ಕ ಹಾಕೋಣ. ಗಾಡಿಗೆ 70,000 ರೂಪಾಯಿ ಕೊಟ್ಟಿರಿ, ಸಾಗಾಟ ಮತ್ತು ಬಿಚ್ಚುವ ಕೂಲಿ 8,000, ಒಟ್ಟು 78,000. ಎಲ್ಲ ಭಾಗ ಮತ್ತು ಉಳಿದ ತಗಡು ಸೇರಿ 1,30,000ಕ್ಕೆ ಹೋಗಬಹುದು ಎಂಬ ಅಂದಾಜು. ಅಂದರೆ ಮಾರುವ ಬೆಲೆಯ ಶೇ. 60 ನಿಮ್ಮ ಅಸಲು. ಎಂಜಿನ್ 40,000ಕ್ಕೆ ಹೋಗುವಂತಿದ್ದರೆ ಅದರ ಅಸಲು 24,000, ಗೇರ್‌ಬಾಕ್ಸ್ 15,000ಕ್ಕಾದರೆ 9,000. ಈ ಹಂಚಿಕೆಯನ್ನು ಸಾಫ್ಟ್‌ವೇರೇ ಮಾಡಬೇಕು. ಜೊತೆಗೆ ಗಾಡಿಯ ಪುಟ ತೆರೆದ ಕೂಡಲೇ ‘78,000ದಲ್ಲಿ ಇಷ್ಟು ವಾಪಸ್ ಬಂದಿದೆ’ ಎಂದೂ ತೋರಿಸಬೇಕು. ಹಾಕಿದ ದುಡ್ಡು ಪೂರ್ತಿ ಬಂದ ಗಾಡಿಯ ಉಳಿದ ಬಾಗಿಲುಗಳ ಮೇಲೆ ಚೌಕಾಸಿಗೆ ಧಾರಾಳವಾಗಿ ಬಗ್ಗಬಹುದು. ಬರದ ಗಾಡಿಯ ಮೇಲೆ ಬಗ್ಗಿದರೆ ಕೈಯಿಂದ ಹೋಯಿತು.

ಇನ್ನೊಂದು, ಮಾಲಿನ ವಯಸ್ಸು. ವರ್ಷದಿಂದ ಕದಲದ ಡಿಕ್ಕಿ ಬಾಗಿಲು ಜಾಗದ ಬಾಡಿಗೆ ತಿನ್ನುತ್ತಿರುತ್ತದೆ. ಆರು ತಿಂಗಳು ದಾಟಿದ್ದನ್ನು ಕೆಂಪಕ್ಷರದಲ್ಲಿ ತೋರಿಸಿ, ತೂಕಕ್ಕೆ ಹಾಕಿದರೆ ಎಷ್ಟು ಬರುತ್ತದೆಂದು ಪಕ್ಕದಲ್ಲೇ ಹೇಳುವಂತಿದ್ದರೆ ಇನ್ನೂ ಒಳ್ಳೆಯದು. ಆದರೆ ಬೆಲೆಯನ್ನು ತಾನೇ ಇಳಿಸುವ ಸಾಫ್ಟ್‌ವೇರನ್ನು ನಾನು ನಂಬುವುದಿಲ್ಲ. ಸಲಹೆ ಕೊಡಲಿ, ಬೆಲೆ ಕಟ್ಟುವವರು ನೀವೇ ಆಗಿರಿ.

ಜಿಎಸ್‌ಟಿಯಲ್ಲಿ ಒಂದೇ ಗಾಡಿ ಹಲವು ಎಚ್‌ಎಸ್‌ಎನ್ ಕೋಡುಗಳಾಗಿ ಒಡೆಯುತ್ತದೆ. ಪೆಟ್ರೋಲ್ ಎಂಜಿನ್ 8407, ಡೀಸೆಲ್ 8408, ಆಲ್ಟರ್ನೇಟರ್ ಮತ್ತು ಸೆಲ್ಫ್ ಮೋಟರ್ 8511, ಹೆಡ್‌ಲೈಟ್ 8512, ಗೇರ್‌ಬಾಕ್ಸ್, ಬಂಪರ್ 8708, ಕಬ್ಬಿಣದ ಗುಜರಿ 7204. ಬಿಲ್ಲಿನಲ್ಲಿ ಇವು ತಾವಾಗಿಯೇ ಬರಬೇಕು. ಉಳಿದದ್ದನ್ನು ನಿಮ್ಮ ಆಡಿಟರ್ ನೋಡಿಕೊಳ್ಳಲಿ.

ತಿಂಗಳಿಗೆ ಒಂದೆರಡು ಗಾಡಿ ಮಾತ್ರ ಕತ್ತರಿಸುವವರು ಹೊಸದೇನೂ ಕೊಳ್ಳಬೇಕಿಲ್ಲ. ಲೆಕ್ಕಕ್ಕೆಂದು ಅಂಗಡಿಯಲ್ಲಿ ಈಗಾಗಲೇ ಟ್ಯಾಲಿ ಇದ್ದರೆ ಅದರಲ್ಲೇ ಬ್ಯಾಚ್ ಮತ್ತು ಗೋಡೌನ್ ಸೌಲಭ್ಯವಿದೆ. ಪ್ರತಿ ಗಾಡಿಯನ್ನು ಒಂದು ಬ್ಯಾಚ್ ಮಾಡಿ, ಪ್ರತಿ ರ‍್ಯಾಕನ್ನು ಒಂದು ಗೋಡೌನ್ ಮಾಡಿ. ಫೋಟೊ ಮೊಬೈಲಿನಲ್ಲಿ ಗಾಡಿ ಸಂಖ್ಯೆಯ ಫೋಲ್ಡರಿನಲ್ಲಿ ಇರಲಿ. ಅಂದವಿಲ್ಲ, ಆದರೆ ನಡೆಯುತ್ತದೆ.

ಚೀಟಿಯ ವಿಷಯ ಚಿಕ್ಕದೆನಿಸಬಹುದು. ಬಿಲ್ ಕಾಗದದಂಥ ಅಗ್ಗದ ಥರ್ಮಲ್ ಸ್ಟಿಕ್ಕರ್ ಬಿಸಿಲು, ಆಯಿಲ್ ತಾಗಿದರೆ ಮಾಸಿಹೋಗುತ್ತದೆ, ಬಾರ್‌ಕೋಡೂ ಹೋಯಿತು, ಮಾಲೂ ಕಳೆದಂತೆ. ರಿಬ್ಬನ್ ಹಾಕುವ ಪ್ರಿಂಟರು, ಪ್ಲಾಸ್ಟಿಕ್ ಲೇಬಲ್ ಕೊಳ್ಳಿ. ಅದರ ಮೇಲೂ ಪೇಂಟ್ ಮಾರ್ಕರಿನಲ್ಲಿ ಸಂಖ್ಯೆ ಬರೆಯುವ ಹಳೇ ಅಭ್ಯಾಸ ಬಿಡಬೇಡಿ. ಎಡ, ಬಲವನ್ನು ಡ್ರೈವರ್ ಸೀಟಿನಲ್ಲಿ ಕೂತು ನೋಡಿದಂತೆಯೇ ಬರೆಯಬೇಕೆಂದು ಹುಡುಗರಿಗೆ ಮೊದಲ ದಿನವೇ ಹೇಳಿ. ಗಾಡಿಯ ಎದುರು ನಿಂತು ಬರೆದರೆ ಎಲ್ಲ ತಲೆಕೆಳಗು.

ಡೆಮೊ ತೋರಿಸಲು ಬಂದವರನ್ನು ಆಫೀಸಿನಲ್ಲಿ ಕೂರಿಸಬೇಡಿ. ನೆಟ್‌ವರ್ಕ್ ಸರಿಯಾಗಿ ಸಿಗದ ಗೋದಾಮಿನ ಮೂಲೆಗೆ ಕರೆದುಕೊಂಡು ಹೋಗಿ, ನಿಮ್ಮ ಹುಡುಗನ ಕೈಗೆ ಮೊಬೈಲ್ ಕೊಡಿಸಿ, ನಿಮ್ಮದೇ ಒಂದು ಗಾಡಿಯನ್ನು ಪೂರ್ತಿ ಹತ್ತಿಸಲು ಹೇಳಿ. ಆಮೇಲೆ ಎರಡೇ ಮಾತು ಕೇಳಿ: ನಾಳೆ ನಿಮ್ಮನ್ನು ಬಿಟ್ಟರೆ ನನ್ನ ಡೇಟಾ ಪೂರ್ತಿ ಎಕ್ಸೆಲ್‌ನಲ್ಲಿ, ಫೋಟೊ ಸಮೇತ ವಾಪಸ್ ಸಿಗುತ್ತದೆಯೇ? ಎರಡನೇ ವರ್ಷದ ಚಾರ್ಜ್ ಎಷ್ಟು? ಉತ್ತರ ಬರಹದಲ್ಲಿ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.