200 ಕಿ.ಮೀ. ಬ್ರೆವೆಗೆ ಹೊರಟಿದ್ದೀರಾ? ದುಬಾರಿ ಸೈಕಲ್ ತಗೊಳ್ಳೋ ಮುಂಚೆ ಇದನ್ನು ಓದಿ

ಮೈಸೂರು: ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ ಹತ್ತುವ ಸೈಕಲ್ ಸವಾರರಲ್ಲಿ ಹಲವರ ಮುಂದಿನ ಆಸೆ ‘ಬ್ರೆವೆ’, ಅಂದರೆ ದೂರದ ಸೈಕಲ್ ಸವಾರಿ. ಆಸೆ ಹುಟ್ಟಿದ ಕೂಡಲೇ ಬರೋ ಪ್ರಶ್ನೆ, ‘ಎಷ್ಟು ಲಕ್ಷದ ಸೈಕಲ್ ಬೇಕು?’ ಮೊದಲ 200 ಕಿ.ಮೀ.ಗೆ ಲಕ್ಷದ ಸೈಕಲ್ ಬೇಕಿಲ್ಲ. ಮನೆಯಲ್ಲಿರೋ ಗೇರ್ ಸೈಕಲ್ ನಿಮ್ಮ ಅಳತೆಗೆ ಸರಿಯಿದ್ದರೆ ಸಾಕು.

ಇದು ರೇಸ್ ಅಲ್ಲ

ಬ್ರೆವೆಯಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ. ಸಮಯದೊಳಗೆ ಮುಗಿಸಬೇಕು, ಅಷ್ಟೇ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಒಂದೇ ಸೀಸನ್‌ನಲ್ಲಿ ನಾಲ್ಕನ್ನೂ ಮುಗಿಸಿದವರು ‘ಸೂಪರ್ ರ‍್ಯಾಂಡನೂರ್’.

ಊಟ, ಪಂಕ್ಚರ್, ವಿಶ್ರಾಂತಿ ಎಲ್ಲವೂ ಈ ಸಮಯದಲ್ಲೇ ಸೇರುತ್ತೆ. ಗಂಟೆಗೆ 20 ಕಿ.ಮೀ. ತುಳಿದರೆ ಸವಾರಿಗೆ 10 ಗಂಟೆ ಹೋಗಿ, ಇನ್ನೂ ಮೂರೂವರೆ ಗಂಟೆ ಕೈಯಲ್ಲಿರುತ್ತೆ. ಹಾಗಾಗಿ ವೇಗಕ್ಕಿಂತ ಮುಖ್ಯವಾದದ್ದು ಮಂಡಿ ನೋವು, ಸೀಟಿನ ಉರಿ, ಸುಸ್ತು ಬರದಂತೆ ನೋಡಿಕೊಳ್ಳೋದು.

ಸೈಕಲ್ ಹೇಗಿರಬೇಕು?

ಸೀಟಿನ ಎತ್ತರ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಸೀಟು ತಗ್ಗಿನಲ್ಲಿದ್ದರೆ ಮಂಡಿಗೆ ಏಟು.

ಟೈರ್: ದಪ್ಪ ಗುಬುಟಿನ ಎಂಟಿಬಿ ಟೈರ್ ಶಕ್ತಿ ತಿನ್ನುತ್ತೆ. 28ರಿಂದ 35 ಎಂ.ಎಂ. ಅಗಲದ ನುಣುಪು ಟೈರ್ ನಮ್ಮ ರಸ್ತೆಗೆ ಒಳ್ಳೇದು. ಆದರೆ ನಿಮ್ಮ ರಿಮ್‌ಗೆ ಕೂರುತ್ತಾ ಅಂತ ಅಂಗಡಿಯಲ್ಲಿ ಕೇಳಿ.

ಸೀಟು: ಮೆತ್ತಗಿನ ಜೆಲ್ ಕವರ್ ಅರ್ಧ ಗಂಟೆಗೆ ಹಿತ, ಐದು ಗಂಟೆಗೆ ಹಿಂಸೆ. ಆ ದುಡ್ಡನ್ನು ಪ್ಯಾಡ್ ಇರುವ ಸೈಕ್ಲಿಂಗ್ ಶಾರ್ಟ್ಸ್‌ಗೆ ಹಾಕಿ. ಅದರ ಒಳಗೆ ಒಳಉಡುಪು ಬೇಡ.

ಇವುಗಳಲ್ಲಿ ಉಳಿತಾಯ ಬೇಡ

ಹೆಲ್ಮೆಟ್, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಬೆಳಕಿಗೆ ಮಿನುಗುವ ಜಾಕೆಟ್. ಕತ್ತಲಲ್ಲಿ ಹಿಂದಿನಿಂದ ಬರೋ ಲಾರಿ ಚಾಲಕನಿಗೆ ನೀವು ಕಾಣೋದು ಇವುಗಳಿಂದಲೇ. ಎರಡು ಟ್ಯೂಬ್, ಪಂಪ್, ಟೈರ್ ಲಿವರ್ ಜೊತೆಗಿರಲಿ. ಟ್ಯೂಬ್ ಬದಲಿಸೋದನ್ನು ಮನೆಯಲ್ಲೇ ಕಲಿತುಕೊಳ್ಳಿ, ದಾರಿಯಲ್ಲಿ ಸಹಾಯಕ್ಕೆ ವಾಹನ ಬರುತ್ತೆ ಅಂತ ನಂಬಬೇಡಿ.

ಅಭ್ಯಾಸ ಹೇಗೆ?

ಮೊದಲು ನಂಜನಗೂಡಿಗೆ ಹೋಗಿ ಬನ್ನಿ, ಸುಮಾರು 50 ಕಿ.ಮೀ. ಆಗುತ್ತೆ. ವಾರ ವಾರ ಸ್ವಲ್ಪ ಹೆಚ್ಚಿಸುತ್ತಾ ಗುಂಡ್ಲುಪೇಟೆಗೆ ಹೋಗಿ ಬರೋದು, ಅಂದರೆ ಸುಮಾರು 120 ಕಿ.ಮೀ., ಆರಾಮಾದರೆ 200ಕ್ಕೆ ಹೆಸರು ಕೊಡಬಹುದು. ಬೆಂಗಳೂರು ಕಡೆ ಹೊರಟರೆ ನೆನಪಿರಲಿ: 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕ್, ಆಟೋ ಜೊತೆ ಸೈಕಲ್‌ಗೂ ಪ್ರವೇಶವಿಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಹಸಿವಾದ ಮೇಲೆ ತಿಂದರೆ ತಡವಾಯ್ತು ಅಂತಲೇ ಲೆಕ್ಕ. ಗಂಟೆಗೊಮ್ಮೆ ಬಾಳೆಹಣ್ಣೋ ಚಿಕ್ಕಿಯೋ ತಿನ್ನಿ, ಗುಟುಕು ಗುಟುಕಾಗಿ ನೀರು ಕುಡಿಯಿರಿ. ಬಿಸಿಲಿದ್ದರೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ಇರಲಿ. ಹೃದಯದ ತೊಂದರೆ, ಬಿಪಿ, ಸಕ್ಕರೆ ಕಾಯಿಲೆ ಇರುವವರು ಮೊದಲು ವೈದ್ಯರನ್ನು ಕೇಳಿ.

ಮೊದಲ 200 ಮುಗಿಸಿ ಬಂದ ಮೇಲೆ ಎಲ್ಲಿ ನೋವಾಯ್ತು, ಯಾವ ಗೇರ್ ಸಾಲಲಿಲ್ಲ ಅನ್ನೋದು ನಿಮಗೇ ಗೊತ್ತಿರುತ್ತೆ. ಹೊಸ ಸೈಕಲ್ ಬೇಕಾ ಅಂತ ಆಗ ಯೋಚಿಸಿದರೆ ಸಾಕು.