ಸಿಲಿಂಡರ್ ಬಂದರೂ ಆರದ ಒಲೆ

ಗದಗ ಸೀಮೆಯ ಹಳ್ಳಿಗಳಲ್ಲಿ ಒಲೆ ಹಾಕಲು ಯಾರೂ ಗೌಂಡಿಯನ್ನು ಕರೆಯುವುದಿಲ್ಲ. ಅದು ಮನೆಯ ಹೆಣ್ಣುಮಕ್ಕಳ ಕೈಕೆಲಸ. ಎರೆಮಣ್ಣು ಇದಕ್ಕೆ ಒಗ್ಗದು, ಒಣಗುತ್ತಲೇ ಬಿರಿಯುತ್ತದೆ. ಹುತ್ತದ ಮಣ್ಣನ್ನೋ ಕೆಮ್ಮಣ್ಣನ್ನೋ ತಂದು, ಹೊಟ್ಟು, ಲದ್ದಿ ಕಲಸಿ, ತುಳಿದು ಹದ ಮಾಡಿ ಕಟ್ಟುತ್ತಾರೆ. ಮುಂದೆ ಅಗಲ ಬಾಯಿ, ಮೇಲೆ ಪಾತ್ರೆ ಕೂರಲು ಮೂರು ಗುಂಡು, ಮಗ್ಗುಲಲ್ಲಿ ಮಿಕ್ಕ ಉರಿ ಹಾಯಲು ಕೋಡೊಲೆ. ಇಲ್ಲಿ ಹಂಚಿನ ಮೇಲೆ ರೊಟ್ಟಿ ಬೇಯುವಷ್ಟರಲ್ಲಿ ಅಲ್ಲಿ ಬೇಳೆ ತನ್ನ ಪಾಡಿಗೆ ಕುದಿದಿರುತ್ತದೆ.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಉರುವಲು ಬಹುಪಾಲು ಹೊಲದಿಂದಲೇ ಬರುತ್ತದೆ. ಹತ್ತಿ ಬಿಡಿಸಿ ಮುಗಿದ ಮೇಲೆ ಕಿತ್ತ ಕಟಗಿ, ತೊಗರಿ ಕಟಗಿ, ಬದುವಿನ ಜಾಲಿ, ಜೊತೆಗೆ ಕುಳ್ಳು. ಒಂದೊಂದರ ಗುಣ ಬೇರೆ. ಹತ್ತಿಕಟಗಿ ಭರ್ ಎಂದು ಹೊತ್ತಿ ಅಷ್ಟೇ ಬೇಗ ಬೂದಿಯಾಗುತ್ತದೆ. ಕೂತವಳು ಏಳುವಂತಿಲ್ಲ, ಮುಂದೆ ಮುಂದೆ ದೂಡುತ್ತಲೇ ಇರಬೇಕು. ಜಾಲಿ ನಿಧಾನವಾಗಿ ಉರಿದು ಒಳ್ಳೆಯ ಕೆಂಡ ಕೊಡುತ್ತದೆ. ಹಾಲು ಕಾಯಿಸಿ ದಪ್ಪ ಕೆನೆ ಕಟ್ಟಬೇಕೆಂದರೆ ಕುಳ್ಳಿನ ಕಾವೇ ಆಗಬೇಕು. ಹತ್ತಿಕಟಗಿಯನ್ನು ಹಿತ್ತಿಲಲ್ಲಿ ಒಟ್ಟಬೇಡಿ, ಅದರಲ್ಲುಳಿದ ಕಾಯಿಯೊಳಗೆ ಗುಲಾಬಿ ಕಾಯಿಕೊರಕದ ಹುಳು ಅಡಗಿ ಮುಂದಿನ ಬೆಳೆಗೆ ಬರುತ್ತದೆ ಎಂದು ಕೃಷಿ ತಜ್ಞರು ಹೇಳುತ್ತಲೇ ಇರುತ್ತಾರೆ. ಮಾತು ಖರೆ. ಆದರೆ ಕಟಗಿಯನ್ನು ಹೊಲದಲ್ಲೇ ಸುಟ್ಟರೆ ಒಲೆಗೇನು ಇಡಬೇಕು ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ.

ಕಪ್ಪತಗುಡ್ಡದ ಅಂಚಿನ ಊರುಗಳದ್ದು ಇನ್ನೊಂದು ಕಥೆ. ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡ ಉಳಿಯಬೇಕು, ಎರಡು ಮಾತಿಲ್ಲ. ಆದರೆ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುವ ಗುಡ್ಡದಲ್ಲಿ ಕಾವಲಿನವರಿಗೆ ತಲೆಹೊರೆ ಕಟ್ಟಿಗೆಯವಳೇ ಮೊದಲು ಕಣ್ಣಿಗೆ ಬೀಳುತ್ತಾಳೆ ಎಂಬುದೂ ಇದೆ.

ಬಡವರ ಮನೆಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಶುರುವಾದದ್ದು 2016ರ ಮೇ 1ರಂದು. ಈಗ ಇಲ್ಲಿಯ ಅಡುಗೆಮನೆಗಳ ಕಟ್ಟೆಯ ಮೇಲೆ ಗ್ಯಾಸ್ ಒಲೆ ಇದೆ. ಚಹಾ, ಒಗ್ಗರಣೆ, ಬೀಗರು ಬಂದಾಗಿನ ಅವಸರದ ಉಪ್ಪಿಟ್ಟು ಅದರ ಪಾಲು. ರೊಟ್ಟಿ ಮತ್ತು ಸ್ನಾನದ ನೀರು ಕಟ್ಟಿಗೆಯ ಪಾಲು. ಮುಖ್ಯ ಕಾರಣ ದುಡ್ಡು. ಸಿಲಿಂಡರಿಗೆ ರೊಕ್ಕ ಎಣಿಸಬೇಕು, ಕಟಗಿಗೆ ಮೈಮುರಿದರೆ ಸಾಕು. ಇನ್ನೊಂದು ಕಾರಣ ತಿಳಿಯಲು ರೊಟ್ಟಿ ಬಡಿಯುವವರ ಮಗ್ಗುಲಲ್ಲಿ ಕೂರಬೇಕು. ಕುದಿ ಎಸರಿನಲ್ಲಿ ನಾದಿದ ಜೋಳದ ಹಿಟ್ಟು, ತಟತಟ ಬಡಿತ, ಹಂಚಿಗೆ ಹಾಕಿ ಮೇಲೆ ನೀರರಿವೆ ಸವರುವುದು, ಒಮ್ಮೆ ಮಗುಚುವುದು. ಆಮೇಲೆ ಬಾಯಿಯ ಮುಂದಕ್ಕೆ ಎಳೆದ ಕೆಂಡಕ್ಕೆ ರೊಟ್ಟಿಯನ್ನು ಆನಿಸಿ ನಿಲ್ಲಿಸುತ್ತಾರೆ. ಅಲ್ಲೇ ಅದು ಉಬ್ಬಿ ಪದರ ಬಿಡುವುದು. ಗ್ಯಾಸಿನ ಉರಿ ಹಂಚಿನ ನಡುವಷ್ಟೇ ಸುಡುತ್ತದೆ, ಅಂಚು ಹಸಿ ಉಳಿಯುತ್ತದೆ.

ಹೊಗೆಯ ಮಾತನ್ನು ಬಿಟ್ಟು ಒಲೆಯ ರುಚಿ ಹೊಗಳುವುದು ಊದುಗೊಳವೆ ಹಿಡಿಯದವರ ಚಟ. ಅಡುಗೆ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಇದಕ್ಕೆ ನಮ್ಮವರೇ ಒಂದು ದಾರಿ ಹುಡುಕಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ, ಹೊಗೆಕೊಳವೆಯಿರುವ ಮೂರು ಪಾತ್ರೆಯ ಒಲೆಯನ್ನು ರೂಪಿಸಿತು. ಕಟ್ಟಿಗೆಯೂ ಉಳಿಯುತ್ತಿತ್ತು, ಹೊಗೆಯೂ ಹೊರಗೆ. ನನಗನಿಸುವಂತೆ, ಬಾಯಿ ಮುಚ್ಚಿದ ಆ ಒಲೆ ಅನ್ನ, ಮುದ್ದೆಯ ಸೀಮೆಗೆ ಹೊಂದೀತು. ಕೆಂಡ ಮುಂದಕ್ಕೆಳೆದು ರೊಟ್ಟಿ ಆನಿಸುವ ಕೈಗೆ ಅದು ಇಕ್ಕಟ್ಟು.

ಹಳೆಯ ಮಾಳಿಗೆ ಮನೆಗಳಲ್ಲಿ ಒಲೆಯ ನೆತ್ತಿಗೆ ಬೆಳಕಿಂಡಿಯಾದರೂ ಇತ್ತು. ಸ್ಲ್ಯಾಬ್ ಮನೆ ಬಂದ ಮೇಲೆ ಅದೂ ಇಲ್ಲವಾಗಿ, ಒಲೆ ಹಿತ್ತಿಲಿನ ತಗಡಿನ ಚಪ್ಪರಕ್ಕೆ ಹೋಯಿತು. ಹೊಗೆಗೆ ಅದೇ ಸದ್ಯದ ಪರಿಹಾರ, ಮಳೆ ಹಿಡಿದು ಕಟಗಿ ತೊಯ್ಯುವ ದಿನಗಳನ್ನು ಬಿಟ್ಟರೆ. ಆಗ ರೊಟ್ಟಿಯೂ ಗ್ಯಾಸಿಗೇ. ‘ಯಾಕ, ರೊಟ್ಟಿ ಇವತ್ತ ಹಿಂಗದಾವು?’ ಎಂದು ಗಂಡ ತಾಟು ಸರಿಸಿದರೆ ಒಳಗಿಂದ ಉತ್ತರ ಬರುತ್ತದೆ: ‘ಹಸಿ ಕಟಗಿ ಹಿತ್ತಲದಾಗ ಅದಾವ್ರಿ, ಊದಗೊಳವಿನೂ ಅಲ್ಲೇ ಐತಿ. ನೀವ ಹೋಗಿ ಊದ್ರಿ.’