ಶನಿವಾರ ಸಂಜೆ ಇಪ್ಪತ್ತು ಮಂದಿ ಬಂದರೆ ಅಡುಗೆ ಹೇಗೆ?

"ವೈನಿ, ಶನಿವಾರ ಬರ್ತೀವ್ರಿ. ಭಾಳ ಮಂದಿ ಏನಿಲ್ಲ, ಇಪ್ಪತ್ತು ಮಂದಿ ಅಷ್ಟ."

ಅಕ್ಕಲಕೋಟ, ಸೊಲ್ಲಾಪುರ, ಜತ್ತ ಭಾಗದ ಮನೆಗಳಿಗೆ ಇಂಥ ಫೋನು ಹೊಸದಲ್ಲ. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಪುಣೆಯಿಂದ ಒಂದು ಗಾಡಿ ಬರುತ್ತದೆ. ಜನವರಿಯಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆಂದು ವಿಜಯಪುರ, ಕಲಬುರಗಿ ಕಡೆಯ ಬೀಗರು ಬರುತ್ತಾರೆ. ಚಳಿಗಾಲದಲ್ಲಿ ಹೊಲದ ಸೀತನಿ ತಿನ್ನಲು ಮುಂಬೈಯ ಮಕ್ಕಳು ಮೊಮ್ಮಕ್ಕಳು ಬರುತ್ತಾರೆ. ಬರುವವರಿಗೆಲ್ಲ ಸಂತೋಷ. ಮನೆಯವರಿಗೂ ಸಂತೋಷವೇ. ಆದರೆ ಒಲೆಯ ಮುಂದೆ ಕೂರುವ ಹೆಣ್ಣುಮಗಳ ಪಾಡು ಏನು? ಬಂದವರ ಮುಖವನ್ನು ಅವಳು ನೋಡುವುದು ಊಟ ಬಡಿಸುವಾಗ ಒಮ್ಮೆ, ಗಾಡಿ ಹತ್ತಿಸುವಾಗ ಇನ್ನೊಮ್ಮೆ!

ಇದಕ್ಕೆ ಉಪಾಯವಿಲ್ಲವೇ? ಇದೆ. ಅದು ಹೊಸ ಅಡುಗೆಯಲ್ಲಿ ಇಲ್ಲ, ನಮ್ಮದೇ ಹಳೆಯ ಅಡುಗೆಯಲ್ಲಿದೆ. ಲೆಕ್ಕ ಹಾಕಿ ಮಾಡಬೇಕು, ಅಷ್ಟೆ.

ಮೊದಲು ರೊಟ್ಟಿಯ ಲೆಕ್ಕ

ಬಿಸಿ ರೊಟ್ಟಿಯೊಂದನ್ನು ತಟ್ಟಿ, ಬೇಯಿಸಿ ಇಳಿಸಲು ಎಷ್ಟೇ ಕೈ ಪಳಗಿದ್ದರೂ ಸುಮಾರು ಮೂರು ನಿಮಿಷ ಬೇಕು. ಇಪ್ಪತ್ತು ಮಂದಿಗೆ ತಲಾ ಎರಡರಂತೆ ಎರಡು ಹೊತ್ತಿಗೆ 80 ರೊಟ್ಟಿ. ಅಂದರೆ 240 ನಿಮಿಷ, ನಾಲ್ಕು ತಾಸು! ಉಳಿದ ಅಡುಗೆ ಎಲ್ಲ ಸೇರಿದರೂ ಇಷ್ಟು ಹೊತ್ತು ಹಿಡಿಯುವುದಿಲ್ಲ. ಆದ್ದರಿಂದ ನೆಂಟರು ಬಂದ ದಿನ ಬಿಸಿ ರೊಟ್ಟಿಯ ಹಟ ಬಿಡುವುದೇ ಮೊದಲ ಹೆಜ್ಜೆ.

ಅದರ ಬದಲು ಖಡಕ್ ರೊಟ್ಟಿ ಮಾಡಿಡಿ. ಮೂರು ನಾಲ್ಕು ದಿನ ಮೊದಲೇ, ಮಧ್ಯಾಹ್ನದ ಬಿಡುವಿನಲ್ಲಿ, ದಿನಕ್ಕೆ ಮೂವತ್ತರಂತೆ ಮಾಡಿದರೆ ಭಾರವೆನಿಸುವುದಿಲ್ಲ. ತೆಳ್ಳಗೆ ಮಾಡಿದರೆ ಒಂದು ಕಿಲೋ ಜೋಳದ ಹಿಟ್ಟಿಗೆ 18ರಿಂದ 20 ರೊಟ್ಟಿ ಆಗುತ್ತವೆ. ಐದು ಕಿಲೋ ಹಿಟ್ಟಿದ್ದರೆ ಎರಡು ಹೊತ್ತಿನ ಊಟಕ್ಕೂ, ಹೋಗುವಾಗ ಕಟ್ಟಿಕೊಡಲಿಕ್ಕೂ ಸಾಕು. ಮನೆಯಲ್ಲಿ ಆಗದಿದ್ದರೆ ರೊಟ್ಟಿ ಮಾಡಿ ಮಾರುವ ಮಹಿಳಾ ಗುಂಪುಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಕೊಂಡು ತಂದರೆ ಮರ್ಯಾದೆಗೇನೂ ಕಡಿಮೆಯಿಲ್ಲ.

ಜೋಳದಲ್ಲಿ ಗೋಧಿಯಲ್ಲಿರುವಂಥ ಜಿಗುಟು ಇರುವುದಿಲ್ಲ. ಕುದಿಯುವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬರುತ್ತದೆ. ಅದಕ್ಕೇ ನಮ್ಮ ತಾಯಂದಿರು ಎಸರು ಕುದಿಸಿ ಹಿಟ್ಟು ಕಲಸುವುದು. ಹಿಟ್ಟು ಹಳೆಯದಾದಷ್ಟೂ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಗಿರಣಿಯಲ್ಲಿ ಆ ವಾರವೇ ಬೀಸಿಸಿದ ಹಿಟ್ಟು ಬಳಸಿ. ಜೋಳ ಒಳ್ಳೆಯದಿದ್ದರೆ ಅರ್ಧ ಕೆಲಸ ಆದಂತೆ. 2016ರಲ್ಲಿ ಭೌಗೋಳಿಕ ಗುರುತು ಪಡೆದ ಮಂಗಳವೇಢೆಯ ಜೋಳ ನಮ್ಮ ಜಿಲ್ಲೆಯದೇ ಅಲ್ಲವೇ!

ಬೇಯಿಸಿದ ರೊಟ್ಟಿಯನ್ನು ಸಣ್ಣ ಉರಿಯಲ್ಲಿ ನೀರಿನ ಪಸೆ ಆರುವವರೆಗೆ ಗರಿಗರಿ ಮಾಡಬೇಕು. ಪೂರ್ತಿ ತಣ್ಣಗಾದ ಮೇಲೆಯೇ ಒಂದರ ಮೇಲೊಂದು ಇಡಿ. ಬಿಸಿಯಿದ್ದಾಗ ಪೇರಿಸಿದರೆ ಉಗಿ ಒಳಗೇ ನಿಂತು ಬೂಸ್ಟು ಹಿಡಿಯುತ್ತದೆ. ಒಣ ಬಟ್ಟೆಯಲ್ಲಿ ಸುತ್ತಿಟ್ಟರೆ ಹದಿನೈದು ದಿನಕ್ಕೆ ಮೋಸವಿಲ್ಲ. ಹಲ್ಲಿಲ್ಲದ ಹಿರಿಯರಿಗೆ ರೊಟ್ಟಿಗೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಹತ್ತು ನಿಮಿಷ ಸುತ್ತಿಟ್ಟರೆ ಮೆತ್ತಗಾಗುತ್ತದೆ.

ಶನಿವಾರ ರಾತ್ರಿ: ಜುಣಕ

ನೆಂಟರು ಆರಕ್ಕೆ ಬರುತ್ತೇವೆಂದು ಹೇಳಿ ಒಂಬತ್ತಕ್ಕೆ ಬರುವುದು ವಾಡಿಕೆ. ಆದ್ದರಿಂದ ರಾತ್ರಿಯ ಅಡುಗೆ ಅರ್ಧ ತಾಸಿನಲ್ಲಿ ಆಗುವಂತಿರಬೇಕು. ಅದಕ್ಕೆ ಜುಣಕಕ್ಕಿಂತ ಒಳ್ಳೆಯದು ಬೇರೆ ಯಾವುದಿದೆ?

ಇಪ್ಪತ್ತು ಮಂದಿಗೆ ಮುಕ್ಕಾಲು ಕಿಲೋ ಕಡಲೆಹಿಟ್ಟು, ಒಂದು ಕಿಲೋ ಉಳ್ಳಾಗಡ್ಡಿ, ಕಾಲು ಲೀಟರಿನಷ್ಟು ಎಣ್ಣೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಸಾಸಿವೆ, ಜೀರಿಗೆ, ಅರಿಷಿಣ, ಕೊತ್ತಂಬರಿ ಸಾಕು. ಹಿಟ್ಟನ್ನು ಒಗ್ಗರಣೆಯ ಕುದಿನೀರಿಗೆ ನೇರವಾಗಿ ಸುರಿಯಬೇಡಿ, ಗಂಟಾಗುತ್ತದೆ. ಮೊದಲು ತಣ್ಣೀರಿನಲ್ಲಿ ಕದಡಿ ಆಮೇಲೆ ಹಾಕಿ. ಒಂದು ಲೋಟ ಹಿಟ್ಟಿಗೆ ಎರಡೂವರೆ ಲೋಟ ನೀರಾದರೆ ಗಟ್ಟಿ ಜುಣಕ. ನಾಲ್ಕೈದು ಲೋಟ ಹಾಕಿದರೆ ಅದೇ ತೆಳ್ಳನೆಯ ಪಿಠಲ. ಇಪ್ಪತ್ತು ಮಂದಿ ಎಂದವರು ಇಪ್ಪತ್ತೈದು ಮಂದಿ ಇಳಿದರೂ ಹೆದರಬೇಕಿಲ್ಲ. ಬಿಸಿನೀರು ಹಾಕಿ ಇನ್ನೊಮ್ಮೆ ಕುದಿಸಿದರೆ ಜುಣಕ ಪಿಠಲವಾಗುತ್ತದೆ!

ಜೊತೆಗೆ ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ. ಹಿಂಡಿಯನ್ನು ವಾರದ ಮೊದಲೇ ಕುಟ್ಟಿಡಬಹುದು, ಅರ್ಧ ಕಿಲೋ ಶೇಂಗಾ ಸಾಕು. ಕೊನೆಗೆ ಅನ್ನ ಮತ್ತು ತೊಗರಿಬೇಳೆಯ ಸಾರು. ರೊಟ್ಟಿ ತಿಂದ ಮೇಲೆ ಉಣ್ಣುವ ಅನ್ನಕ್ಕೆ ಒಂದೂವರೆ ಕಿಲೋ ಅಕ್ಕಿ, 600 ಗ್ರಾಂ ಬೇಳೆ ಸಾಕಾಗುತ್ತದೆ.

ರವಿವಾರ ಮುಂಜಾನೆ: ಸೂಸಲ

ಇಪ್ಪತ್ತು ಮಂದಿಗೆ ದೋಸೆ ಹೊಯ್ಯಲು ಹೋದರೆ ಮಧ್ಯಾಹ್ನವಾಗುತ್ತದೆ. ಸೂಸಲ ಮಾಡಿ. ಒಂದು ಕಿಲೋ ಚುರಮುರಿಯನ್ನು ನೀರಿನಲ್ಲಿ ಅದ್ದಿ ಕೂಡಲೇ ಹಿಂಡಿ ತೆಗೆಯಿರಿ. ಉಳ್ಳಾಗಡ್ಡಿ, ಟೊಮೆಟೊ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಪುಟಾಣಿ ಹಿಟ್ಟು ಉದುರಿಸಿ, ಲಿಂಬೆ ಹಿಂಡಿ. ಒಮ್ಮೆಗೇ ಎಲ್ಲ ನೆನೆಸಿದರೆ ಮುದ್ದೆಯಾಗುತ್ತದೆ. ಎದ್ದವರು ಎದ್ದಂತೆ ಎರಡು ಮೂರು ಸಲ ಮಾಡಿದರೆ ರುಚಿ. ಒಂದು ಸಲಕ್ಕೆ ಹತ್ತು ನಿಮಿಷ.

ಮರಾಠಿಯಲ್ಲಿ ಇದಕ್ಕೆ ಸುಶೀಲಾ ಎನ್ನುತ್ತಾರೆ. ಮುಂಬೈಯ ಮಕ್ಕಳಿಗೆ "ಸುಶೀಲಾ ರೆಡಿ ಆಯಿತು" ಎಂದರೆ ಯಾರ ಮದುವೆ ಎಂದು ಕೇಳಿಯಾರು!

ರವಿವಾರ ಮಧ್ಯಾಹ್ನ: ಹುಗ್ಗಿ ಮತ್ತು ಮಡಕಿ ಕಾಳು

ಬೀಗರು ಬಂದಾಗ ಸಿಹಿಯಿಲ್ಲದೆ ಕಳಿಸುವುದುಂಟೇ? ಆದರೆ ಇಪ್ಪತ್ತು ಮಂದಿಗೆ ಹೂರಣದ ಹೋಳಿಗೆ ಎಂದರೆ ಮತ್ತೆ ಒಲೆಯ ಮುಂದೆ ಅರ್ಧ ದಿನ. ಅದಕ್ಕೆ ಗೋಧಿ ಹುಗ್ಗಿಯೇ ಸೈ. ಒಂದೇ ಪಾತ್ರೆಯಲ್ಲಿ ಆಗುತ್ತದೆ, ಬಡಿಸಲೂ ಸುಲಭ.

ಸಿಪ್ಪೆ ತೆಗೆದ ಹುಗ್ಗಿ ಗೋಧಿ ಒಂದು ಕಿಲೋ, ಬೆಲ್ಲ ಒಂದು ಕಿಲೋ. ಗೋಧಿಯನ್ನು ಶನಿವಾರ ರಾತ್ರಿಯೇ ನೆನೆಹಾಕಿ. ಮುಂಜಾನೆ ಕುಕ್ಕರಿನಲ್ಲಿ ಬೆರಳಿಗೆ ಹಿಸುಕಿದರೆ ಮೆತ್ತಗಾಗುವಷ್ಟು ಬೇಯಿಸಿದ ಮೇಲೆಯೇ ಬೆಲ್ಲ ಹಾಕಿ. ಬೆಲ್ಲ ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ, ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಒಣಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಿ, ಹಾಲು ತುಪ್ಪದ ಜೊತೆ ಬಡಿಸಿ.

ಪಲ್ಯಕ್ಕೆ ಮೊಳಕೆ ಬಂದ ಮಡಕಿ ಕಾಳು. ಒಂದು ಕಿಲೋ ಒಣ ಕಾಳು ನೆನೆದು ಮೊಳೆತರೆ ಎರಡು ಪಟ್ಟಿಗೂ ಮಿಕ್ಕಿ ಆಗುತ್ತದೆ. ಶುಕ್ರವಾರ ರಾತ್ರಿ ನೆನೆಸಿ, ಶನಿವಾರ ಮುಂಜಾನೆ ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಬೇಸಿಗೆಯಲ್ಲಿ ಅದೇ ರಾತ್ರಿ ಮೊಳಕೆ ಒಡೆಯುತ್ತದೆ, ಚಳಿಗಾಲದಲ್ಲಿ ರವಿವಾರ ಮುಂಜಾನೆವರೆಗೆ ಬೇಕು. ಕಾಯಿಪಲ್ಯದ ಹಾಗೆ ಕೂತು ಹೆಚ್ಚುವ ಕೆಲಸವೂ ಇಲ್ಲ. ಇದಕ್ಕೆ ಮತ್ತೆ ಅದೇ ಖಡಕ್ ರೊಟ್ಟಿ, ಹಿಂಡಿ, ಮಜ್ಜಿಗೆ.

ಉಳಿದದ್ದರ ಬಗ್ಗೆ ಎಚ್ಚರ

ಹೆಚ್ಚು ಮಂದಿಯ ಅಡುಗೆಯಲ್ಲಿ ತಪ್ಪು ಆಗುವುದು ಮಾಡುವಾಗ ಅಲ್ಲ, ಉಳಿದದ್ದನ್ನು ಇಡುವಾಗ. ಅನ್ನದಲ್ಲಿರುವ ಒಂದು ಬಗೆಯ ಸೂಕ್ಷ್ಮಾಣುವಿನ ಬೀಜಕಗಳು ಬೇಯಿಸಿದರೂ ಸಾಯುವುದಿಲ್ಲ. ದೊಡ್ಡ ಪಾತ್ರೆಯ ಅನ್ನ ತಾಸುಗಟ್ಟಲೆ ಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ ಭೇದಿಗೆ ಇದೇ ಮೂಲ. ಆದ್ದರಿಂದ ಉಳಿದ ಅನ್ನ, ಸಾರು, ಪಲ್ಯವನ್ನು ಎರಡು ತಾಸಿನೊಳಗೆ ಅಗಲವಾದ ತಟ್ಟೆಗೆ ಹರಡಿ ಆರಿಸಿ ಫ್ರಿಜ್ಜಿಗೆ ಇಡಿ. ಫ್ರಿಜ್ಜಿನಲ್ಲಿ ಜಾಗವಿಲ್ಲದಿದ್ದರೆ ದನಕ್ಕೆ ಹಾಕಿ, ಮನುಷ್ಯರಿಗೆ ಬೇಡ. ಅಕ್ಕಿಯನ್ನು ಕಡಿಮೆ ಇಟ್ಟು, ಸಾಲದಿದ್ದರೆ ಇನ್ನೊಂದು ಕುಕ್ಕರು ಇಡುವುದೇ ಲೇಸು.

ಬುತ್ತಿಗೂ ಇದೇ ನಿಯಮ. ಜುಣಕ, ಅನ್ನ ಕಟ್ಟಬೇಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊದಲೇ ಮಾಡಿಟ್ಟ ಶೇಂಗಾ ಹೋಳಿಗೆ ಕಟ್ಟಿ. ಇವುಗಳಲ್ಲಿ ನೀರಿನ ಪಸೆ ಕಡಿಮೆ, ದೂರದ ದಾರಿಯಲ್ಲೂ ಕೆಡುವುದಿಲ್ಲ.

ಕೆಲಸ ಹಂಚಿಕೊಳ್ಳಿ

ಬೇಸಿಗೆಯಲ್ಲಿ ನಮ್ಮ ಕಡೆ ಅಡುಗೆಗಿಂತ ನೀರಿನದೇ ಚಿಂತೆ. ಟ್ಯಾಂಕರು ಕಾಯುವ ಊರುಗಳಲ್ಲಿ ಇಪ್ಪತ್ತು ಗಂಗಾಳ ತೊಳೆಯುವುದು ಸುಲಭವಲ್ಲ. ಪತ್ರಾವಳಿ ತಂದಿಡಿ. ಮೇಲೆ ಹೇಳಿದ ಅಡುಗೆಗೆ ದೊಡ್ಡ ಪಾತ್ರೆಗಳು ನಾಲ್ಕೇ ಸಾಕು.

ಇನ್ನು ಬಂದವರಿಗೆ ಕೆಲಸ ಹೇಳಲು ಸಂಕೋಚ ಬೇಡ. ಉಳ್ಳಾಗಡ್ಡಿ ಹೆಚ್ಚಲು ಅಳಿಯಂದಿರಿಗೆ ಕೊಡಿ, ನೀರು ಬಡಿಸಲು ಹುಡುಗರಿಗೆ. ಕಾಳು ಆರಿಸುತ್ತ ಕೂತರೆ ಅತ್ತೆ, ದೊಡ್ಡವ್ವಂದಿರಿಗೆ ಮಾತಾಡಲು ಅದೇ ನೆಪ. ಶ್ರಾವಣದ ಭಜನೆ, ಜಾತ್ರೆಯ ದಾಸೋಹದಲ್ಲಿ ಗಂಡಸರು ನೂರಾರು ಮಂದಿಗೆ ಬಡಿಸುತ್ತಾರೆ. ಮನೆಯಲ್ಲಿ ಇಪ್ಪತ್ತು ಮಂದಿಗೆ ಬಡಿಸಲಾರರೇ?

ರೊಟ್ಟಿ ಡಬ್ಬಿಯಲ್ಲಿ, ಹಿಂಡಿ ಭರಣಿಯಲ್ಲಿ, ಹುಗ್ಗಿ ಒಲೆಯ ಮೇಲೆ. ಹೀಗಿದ್ದರೆ ರವಿವಾರ ಮಧ್ಯಾಹ್ನದ ಪಂಕ್ತಿಯಲ್ಲಿ ಮನೆಯ ವೈನಿಗೂ ಒಂದು ಪತ್ರಾವಳಿ ಹಾಕಬಹುದು. ಮುಂದಿನ ಸಲ ಫೋನು ಬಂದಾಗ "ಬರ್ರೆಲ್ಲ" ಎಂಬ ಮಾತು ಅವಳ ಬಾಯಿಂದ ತಾನಾಗಿಯೇ ಬಂದೀತು.